ಗೇಟಿಗೆ ಅಂಟಿಸಿದ ಹುಡುಗಿ

ಮಾರ್ಚ್ 6

ಅಕ್ಕನಿಗೆ ತಂಗಿಯ ನಮಸ್ಕಾರ.

ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನಿನ್ನ ಮನೆಯ ವಿಳಾಸ ನನಗೆ ಬಾಯಿಪಾಠ. ಆದರೂ ನೀನು ಹೇಳಿದಂತೆ ಗುಂಡಿ-ದಾರದ ಅಂಗಡಿಗೇ ಬರೆಯುತ್ತಿದ್ದೇನೆ. ಬೇಗ ನಿನ್ನ ಕೈಸೇರಲಿ.

ನಮ್ಮ ಗುಬ್ಬಿ ಶುಕ್ರವಾರ ಸಂಜೆ ಹೊಲಿಗೆ ಕಾರ್ಖಾನೆಯಿಂದ ಹೊರಟವಳು ಮನೆ ಸೇರಿಲ್ಲ. ಜೊತೆಯ ಹುಡುಗಿಯರು ಹೆದ್ದಾರಿಯ ತಿರುವಿನವರೆಗೆ ಕೂಡಿ ಬಂದು ತಮ್ಮ ದಾರಿ ಹಿಡಿದರಂತೆ. ಅಲ್ಲಿಂದ ನಮ್ಮ ಕೇರಿಗೆ ಎಷ್ಟು ದೂರ ಹೇಳು, ನೀನೂ ನಡೆದ ದಾರಿಯೇ. ಗುರುತಿನ ಚೀಟಿಯನ್ನು ಅವತ್ತು ಮೊಳೆಯ ಮೇಲೇ ಬಿಟ್ಟು ಹೋಗಿದ್ದಳು. ಈಗ ಮತ್ತೆ ಅಲ್ಲೇ ತೂಗುತ್ತಿದೆ.

ಮೊದಲು ನಮ್ಮ ಆಸ್ಪತ್ರೆಯಲ್ಲೇ ಕೇಳಿದೆ. ಬಟ್ಟೆ ಒಗೆಯುವ ನಮಗೆ ಹಿಂದಿನ ಬಾಗಿಲು ಬಿಟ್ಟರೆ ಬೇರೆ ದಾರಿಯಿಲ್ಲ, ವಾರ್ಡಿಗೆ ಹತ್ತುವ ಹಾಗೂ ಇಲ್ಲ. ಸುತ್ತಿ ಬಳಸಿ ಮುಂದಿನ ಕಿಟಕಿಗೆ ಹೋದೆ. ಅಲ್ಲಿದ್ದವಳು ತಲೆಯೆತ್ತದೆ, "ಆ ಹೆಸರಿನವರು ಯಾರೂ ಬಂದಿಲ್ಲ" ಎಂದಳು. ಆಮೇಲೆ ನಮ್ಮ ಕೇರಿಯ ಠಾಣೆಗೆ ಹೋದೆ.

ಬೆಂಚಿನ ಮೇಲೆ ಮೇಲ್ಬೀದಿಯ ಬೆಳ್ಳನೆಯ ಹೆಂಗಸೊಬ್ಬಳು ಕೂತಿದ್ದಳು. ಅವಳ ಮಗಳು ಮಧ್ಯಾಹ್ನ ಠಾಣೆಯ ಪಕ್ಕದ ಕಾಲೇಜಿನಿಂದ ಮನೆಗೆ ಬಂದಿರಲಿಲ್ಲವಂತೆ. ಅವಳಿಗೆ ಕುರ್ಚಿ ಬಂತು, ನೀರು ಬಂತು, ಅವಳು ನೀರು ಕುಡಿದು ಮುಗಿಸುವಷ್ಟರಲ್ಲಿ ಜೀಪೂ ಹೊರಟಿತು. ನನ್ನ ಸರದಿ ಬಂದಾಗ ಮೀಸೆಯ ಪೇದೆ ಕೇಳಿದ ಮೊದಲ ಮಾತು, "ಯಾವನ ಜೊತೆ ಹೋದ್ಲಮ್ಮಾ?"

"ಯಾರ ಜೊತೇನೂ ಹೋಗೋಳಲ್ಲ ಸ್ವಾಮಿ. ನೇರ ಮನೆಗೆ ಬರೋಳು."

"ಹೆತ್ತವರಿಗೆ ಹೆಗ್ಗಣ ಮುದ್ದು. ನಿಮ್ ಕೇರಿ ಹುಡುಗೀರು ಕಾಣೆ ಆಗಲ್ಲಮ್ಮಾ, ಹೋಗ್ತಾರೆ. ಹೊಟ್ಟೆ ಹಸಿದ್ರೆ ತಾವೇ ಬರ್ತಾರೆ. ಇಲ್ಲಾಂದ್ರೆ ನಿಮ್ ಕಡೆಗೇ ಹೋಗಿರಬೇಕು, ನೋಡು."

"ನಮ್ಮ ಕಡೆ ಯಾವುದು ಸ್ವಾಮಿ? ನಮ್ಮ ಮುತ್ತಜ್ಜನ್ನ ಹಡಗಿನಲ್ಲಿ ತಂದು ಇಳಿಸಿದ್ದೂ ಇದೇ ಊರಲ್ಲಿ, ಹೂತಿದ್ದೂ ಇದೇ ಊರಲ್ಲಿ."

ಮೊಳೆಯಿಂದ ತೆಗೆದು ತಂದಿದ್ದ ಗುರುತಿನ ಚೀಟಿಯ ಫೋಟೋ ಕೊಟ್ಟೆ. ಅದನ್ನು ಬೆಳಕಿಗೆ ಹಿಡಿದು, ಪಕ್ಕದವನಿಗೆ ತೋರಿಸಿ, "ಇದು ಫೋಟೋನೋ ಕಾರ್ಬನ್ ಹಾಳೇನೋ?" ಎಂದ. ಎಲ್ಲರೂ ನಕ್ಕರು. ಕುರ್ಚಿಯಲ್ಲಿ ಕೂತ ಆ ತಾಯಿ ನಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಪೇದೆ ಏನೂ ಬರೆದುಕೊಳ್ಳಲಿಲ್ಲ. ಆ ಹುಡುಗಿ ಸಂಜೆಯೇ ಸಿಕ್ಕಿದಳಂತೆ, ಗೆಳತಿಯ ಮನೆಯಲ್ಲಿ ಮಲಗಿದ್ದಳಂತೆ. ದೇವರು ಚೆನ್ನಾಗಿಟ್ಟಿರಲಿ.

ಭಾವನವರಿಗೆ ಪೊಲೀಸಿನ ದೊಡ್ಡ ಸಾಹೇಬರ ಪರಿಚಯವಿದೆ ಎಂದು ನೀನು ಒಮ್ಮೆ ಹೇಳಿದ್ದೆ. ಒಂದು ಮಾತು ಹೇಳಿಸು ಅಕ್ಕ. ಇಷ್ಟು ವರ್ಷ ನಿನ್ನಲ್ಲಿ ಏನೂ ಕೇಳಿದವಳಲ್ಲ.

ನಿನ್ನ ತಂಗಿ

*

ಮಾರ್ಚ್ 14

ತಂಗೀ,

ಕಾಗದ ಸಿಕ್ಕಿತು. ಓದಿ ಒಲೆಗೆ ಹಾಕಿದೆ, ಬೇಸರ ಮಾಡಿಕೊಳ್ಳಬೇಡ. ಎರಡು ದಿನ ಅನ್ನ ಇಳಿದಿಲ್ಲ. ಅತ್ತೆ ಕೇಳಿದರು, ಹಲ್ಲುನೋವು ಎಂದೆ.

ನಿನ್ನ ಭಾವನವರಿಗೆ ಹೇಳುವ ಹಾಗಿಲ್ಲ. ಈ ಮನೆಗೆ ನಾನು ಹಿಂದೆಮುಂದೆ ಯಾರೂ ಇಲ್ಲದವಳು ಎಂದೇ ಬಂದವಳು. ದೇವರು ನನಗೆ ಬೇರೆ ಬಣ್ಣ ಕೊಟ್ಟ, ಅದನ್ನು ಹಿಡಿದು ದಡ ಸೇರಿದೆ. ಈಗ "ನನ್ನ ತಂಗಿಯ ಮಗಳು" ಎಂದು ಬಾಯಿ ಬಿಟ್ಟರೆ ನಾಳೆ ನನ್ನ ಮಗಳಿಗೆ ಬಂದ ಸಂಬಂಧ ಮುರಿಯುತ್ತದೆ. ಒಬ್ಬಳು ಹೋದಳೆಂದು ಇನ್ನೊಬ್ಬಳನ್ನೂ ಕಳೆದುಕೊಳ್ಳಲೇ?

ಆದರೆ ದಾರಿ ಹೇಳುತ್ತೇನೆ, ಕೇಳು. ಆ ಕರಿ ಫೋಟೋ ಎಲ್ಲಿಯೂ ತೋರಿಸಬೇಡ. ಹೋದ ವರ್ಷ ಗುಬ್ಬಿಗೆ ಗಂಡು ನೋಡುವಾಗ ನಾನು ಅವಳನ್ನು ಗುಟ್ಟಾಗಿ ಕರೆಸಿ ಇಲ್ಲಿಯ ಸ್ಟುಡಿಯೋದಲ್ಲಿ ಒಂದು ಫೋಟೋ ತೆಗೆಸಿಕೊಟ್ಟಿದ್ದೆನಲ್ಲ, ಸ್ಟುಡಿಯೋದವನು ಕುಂಚ ಹಿಡಿದು ಮುಖ ಬೆಳ್ಳಗೆ ಮಾಡಿ, ಮೂಗು ಸಣ್ಣಗೆ ತಿದ್ದಿ, ಗುಂಗುರು ಕೂದಲನ್ನು ನೀಳ ಮಾಡಿಕೊಟ್ಟದ್ದು, ಅದನ್ನು ಕೊಡು. ನಿಮ್ಮ ಕೇರಿಯ ಠಾಣೆಗೆ ಹೋಗಬೇಡ, ಮೇಲ್ಬೀದಿಯದಕ್ಕೆ ಹೋಗು. ಕೇರಿಯ ಹೆಸರೆತ್ತದೆ ಆಸ್ಪತ್ರೆಯ ವಿಳಾಸ ಕೊಡು. ಮೈಬಣ್ಣ ಕೇಳಿದರೆ ಬಿಳುಪು ಎನ್ನು. ಕಪ್ಪು ಹುಡುಗಿಗಾಗಿ ಯಾವ ಜೀಪೂ ಹೊರಡುವುದಿಲ್ಲ ತಂಗಿ. ಮೂವತ್ತು ವರ್ಷ ಬೆಳ್ಳನೆಯವರ ಕಡೆ ಕೂತು ನೋಡಿದವಳು ಹೇಳುತ್ತಿದ್ದೇನೆ.

ಮೊದಲು ಹುಡುಕಲು ಹೊರಡಲಿ. ಸಿಕ್ಕ ಮೇಲೆ ಬಣ್ಣದ ಮಾತು.

ಅಕ್ಕ

*

ಮಾರ್ಚ್ 23

ಅಕ್ಕನಿಗೆ ನಮಸ್ಕಾರ.

ನೀನು ಹೇಳಿದಂತೆಯೇ ಮಾಡಿದೆ. ನೀನು ಹೇಳಿದಂತೆಯೇ ಆಯಿತು.

ಫೋಟೋ ಪೆಟ್ಟಿಗೆಯ ತಳದಲ್ಲಿತ್ತು. ಅದು ಬಂದ ದಿನ ಗುಬ್ಬಿ ಅದನ್ನು ಹಿಡಿದು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಿದ್ದಳು. "ಅಮ್ಮಾ, ಯಾರೇ ಇವಳು? ನನ್ನ ಬಟ್ಟೆ ಕದ್ದು ಹಾಕ್ಕೊಂಡು ಕೂತಿದಾಳೆ! ದೊಡ್ಡಮ್ಮನ ಊರಿಂದ ಬಂದಿದಾಳಾ? ಬಂದ್ರೆ ಬರಲಿ ಬಿಡು, ಕಾರ್ಖಾನೆಗೆ ಇವಳನ್ನೇ ಕಳಿಸು, ನಾನು ಮನೇಲಿ ಮಲಗ್ತೀನಿ." ಆ ಗಂಡು ಫೋಟೋ ನೋಡಿ ಒಪ್ಪಿ, ಎದುರಿಗೆ ಕಂಡು ಬೇಡ ಎಂದ ಮೇಲೆ ಅವಳು ನಗಲಿಲ್ಲ, ಅದನ್ನು ಮುಟ್ಟಲೂ ಇಲ್ಲ.

ಮೇಲ್ಬೀದಿಯ ಠಾಣೆಯ ಸಾಹೇಬರು ಅದನ್ನು ನೋಡಿದವರೇ ಎದ್ದು ನಿಂತರು. "ಛೆ ಛೆ! ಎಂಥಾ ಹುಡುಗಿ! ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದು ನನ್ನನ್ನೇ ಗದರಿದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಕೆಲಸ ಮಾಡೋ ಮನೆ ಯಜಮಾನರ ಮಗಳಾ? ಅವರ್ಯಾಕೆ ಬರಲಿಲ್ಲ, ಹಾಸಿಗೆ ಹಿಡಿದಿದ್ದಾರಾ?" ಎಂದರು.

ನನ್ನ ನಾಲಿಗೆಯ ಮೇಲೆ "ನನ್ನ ಮಗಳು" ಎನ್ನುವ ಮಾತಿತ್ತು. ಅದನ್ನು ನುಂಗಿ "ಹೌದು ಸ್ವಾಮಿ" ಎಂದೆ. ಹೆತ್ತ ಮಗಳನ್ನು ಕಂಡವರ ಮಗಳು ಎಂದೆ, ಅಕ್ಕ. ಅವತ್ತಿನಿಂದ ದೇವರ ಮುಂದೆ ಕೂತರೆ ಬಾಯಿ ಕಟ್ಟುತ್ತಿದೆ.

ಆದರೆ ಜೀಪು ಹೊರಟಿತು. ಪತ್ರಿಕೆಯಲ್ಲಿ ಬಂತು. ಬಸ್‌ನಿಲ್ದಾಣ, ಮಾರುಕಟ್ಟೆ, ಶಾಲೆಯ ಗೋಡೆ, ಎಲ್ಲಿ ನೋಡಿದರೂ ಅದೇ ಪೋಸ್ಟರ್. ನಮ್ಮ ಆಸ್ಪತ್ರೆಯ ದೊಡ್ಡ ಗೇಟಿಗೂ ಅಂಟಿಸಿದ್ದಾರೆ. ಅಂಗಡಿಯವರು ಮಳೆಗೆ ನೆನೆಯದಿರಲೆಂದು ತಾವಾಗಿ ಪ್ಲಾಸ್ಟಿಕ್ ಹೊದಿಸಿದ್ದಾರೆ. ನಮ್ಮ ಒಗೆಯುವ ಮನೆಯಲ್ಲಿ ನಾವೆಲ್ಲ ಉದ್ದಕ್ಕ ಎಂದು ಕರೆಯುವ ಎತ್ತರದ ಹೆಂಗಸು ಅದನ್ನು ನೋಡಿ, "ಪಾಪ, ಯಾವ ತಾಯಿ ಹೆತ್ತಿದ್ಲೋ" ಎಂದಳು. ನನ್ನ ಜೊತೆ ವರ್ಷಗಟ್ಟಲೆ ಒಗೆದವಳು, ಗುಬ್ಬಿಯನ್ನು ಎತ್ತಿ ಆಡಿಸಿದವಳು. ಅವಳಿಗೆ ಓದಲು ಬಾರದು, ಮುಖ ನೋಡಿಯೂ ಗುರುತು ಹತ್ತಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವ್ವ ಹೇಳುತ್ತಿದ್ದಳು.

ಆದರೆ ಹುಡುಕುತ್ತಿದ್ದಾರಲ್ಲ, ಅಷ್ಟು ಸಾಕು. ಹುಡುಕುವ ಕಾಲು ನಡೆಯುತ್ತಿದ್ದರೆ ಎಲ್ಲೋ ಒಂದು ಕಡೆ ಎಡವಲೇಬೇಕು.

ನಿನ್ನ ತಂಗಿ

*

ಏಪ್ರಿಲ್ 11

ತಂಗೀ,

ನೋಡಿದೆಯಾ? ಪೋಸ್ಟರು ನಮ್ಮ ಊರಿಗೂ ಬಂದಿದೆ. ಹೋದ ವಾರ ಅತ್ತೆ ಅಂಗಡಿಯಿಂದ ಒಂದನ್ನು ಕೇಳಿ ತಂದರು. "ಎಷ್ಟು ಲಕ್ಷಣವಾಗಿದೆ ಮಗು, ಯಾರ ಮನೆ ಬೆಳಕೋ" ಎಂದು ಕಣ್ಣೊರೆಸಿಕೊಂಡು, ಪ್ರಾರ್ಥನೆಗೆ ಕೂರುವ ಜಾಗದಲ್ಲಿ ಗೋಡೆಗೆ ಅಂಟಿಸಿದ್ದಾರೆ. ಬೆಳಿಗ್ಗೆ ಎದ್ದರೆ ಅವಳ ಹೆಸರು ಹಿಡಿದು ದೇವರನ್ನು ಬೇಡುತ್ತಾರೆ. ನಾನೂ ಪಕ್ಕದಲ್ಲಿ ಕೂತು ಬೇಡುತ್ತೇನೆ. ನನ್ನ ಮನೆಯಲ್ಲಿ ಗುಬ್ಬಿಯ ಹೆಸರು ಗಟ್ಟಿಯಾಗಿ ಕೇಳುತ್ತಿರುವುದು ಇದೇ ಮೊದಲು ನೋಡು.

"ಅಯ್ಯೋ, ಯಾಕಮ್ಮಾ, ನೀನು ನನಗಿಂತ ಹೆಚ್ಚು ಅಳ್ತೀಯ?" ಎಂದು ಅತ್ತೆ ಕೇಳಿದರು. ಹೆಂಗಸಲ್ಲವೇ ನಾನೂ, ಎಂದೆ.

ಠಾಣೆಯ ಹತ್ತಿರ ಸುಳಿಯಬೇಡ. ನಿನ್ನನ್ನು ಎದುರಿಗೆ ಕಂಡಷ್ಟೂ ಅವರಿಗೆ ಅನುಮಾನ. ಬಾಯಿ ಮುಚ್ಚಿಕೊಂಡು ನಿನ್ನ ಕೆಲಸ ನೋಡು. ಅವರ ಕೆಲಸ ಅವರು ಮಾಡಲಿ.

ಅಕ್ಕ

*

ಮೇ 3

ಅಕ್ಕ,

ಗುಬ್ಬಿ ಸಿಕ್ಕಿದಳು. ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಇದ್ದಳು. ಈಗ ಇಲ್ಲ.

ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ, ಓದು. ಒಲೆಗೆ ಹಾಕುವ ಮೊದಲು ಪೂರ್ತಿ ಓದು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಯಾರೂ ಕೇಳಿಕೊಂಡು ಬರದ ರೋಗಿಯ ಮೈಮೇಲಿನ ಬಟ್ಟೆಯನ್ನು ಗಂಟು ಕಟ್ಟಿ ಇಡುತ್ತಾರೆ. ಅವರು ತೀರಿಕೊಂಡ ಮೇಲೆ ಗಂಟು ನಮ್ಮ ತೊಟ್ಟಿಗೆ ಬರುತ್ತದೆ. ಒಗೆದು ಒಣಗಿಸಿ ಕೊಟ್ಟರೆ ಹರಿದು ನೆಲ ಒರೆಸಲು ಬಳಸುತ್ತಾರೆ. ಸೋಮವಾರ ಅಂಥದ್ದೊಂದು ಗಂಟು ಬಂತು. ಉದ್ದಕ್ಕ ಬಿಚ್ಚಿ ನನ್ನ ಕಡೆ ಎಸೆದಳು. ಬೂದು ಬಣ್ಣದ ಸ್ವೆಟರು. ಕಂಕುಳಲ್ಲಿ ಒಳಗಿನಿಂದ ನೀಲಿ ತೇಪೆ. ಅವರಪ್ಪ ಹೋದ ಮೇಲೆ ಅವರ ಅಂಗಿಯಿಂದ ಕತ್ತರಿಸಿ ನಾನೇ ಹಾಕಿದ ತೇಪೆ. "ಹೊರಗೆ ಕಾಣೋ ಹಾಗೆ ಹಾಕಬೇಡಮ್ಮಾ, ಕಾರ್ಖಾನೇಲಿ ನಗ್ತಾರೆ" ಎಂದಿದ್ದಳು. ಹೊರಗೆ ಕಾಣುವ ಹಾಗೆ ಹಾಕಿರಲಿಲ್ಲ.

ಒದ್ದೆ ಕೈಯಲ್ಲೇ ಮುಂದಿನ ಬಾಗಿಲಿನಿಂದ ಓಡಿದೆ. ಕಾವಲಿನವನು ತಡೆದ, ತಳ್ಳಿದೆ. ಕೇಳುವವರಿಲ್ಲದ ರೋಗಿಗಳ ವಾರ್ಡಿನ ನರ್ಸು ಚಿಕ್ಕ ಹುಡುಗಿ, ನಮ್ಮ ಗುಬ್ಬಿಯದೇ ವಯಸ್ಸು. ಕೆಟ್ಟವಳಲ್ಲ. ಕೂರಿಸಿ ಎಲ್ಲವನ್ನೂ ಹೇಳಿದಳು. ಲಾರಿ ಹೊಡೆದದ್ದಂತೆ. ಆ ಲಾರಿಯವನೇ ಹೆದ್ದಾರಿಯಾಚೆಯ ಊರಿನ ಸಣ್ಣ ಆಸ್ಪತ್ರೆಗೆ ಹಾಕಿ ಓಡಿಹೋದನಂತೆ. ಮಾರ್ಚ್ ಕೊನೆಗೆ ಅಲ್ಲಿಂದ ಇಲ್ಲಿಗೆ ಕಳಿಸಿದರಂತೆ. ತಲೆಗೆ ಏಟು. ಮಾತು ಹೊರಡುತ್ತಿರಲಿಲ್ಲ, ಬಲಗೈ ಏಳುತ್ತಿರಲಿಲ್ಲ. ಆದರೆ ಎಚ್ಚರವಿತ್ತು ಅಕ್ಕ. ಹೇಳಿದ್ದೆಲ್ಲ ತಿಳಿಯುತ್ತಿತ್ತಂತೆ.

"ಪೊಲೀಸರಿಗೆ ಹೇಳಲಿಲ್ವಾ ತಾಯಿ?" ಎಂದೆ.

"ಫೋನ್ ಮಾಡಿದ್ವಿ. ನಿಮ್ ಜನದ ಹುಡುಗಿ ಅಂದ ತಕ್ಷಣ, ಯಾರಾದ್ರೂ ಕೇಳ್ಕೊಂಡು ಬಂದ್ರೆ ತಿಳಿಸ್ತೀವಿ ಅಂತ ಇಟ್ಬಿಟ್ರು."

"ಯಾರೂ ಬರಲೇ ಇಲ್ವಾ?"

"ಬಂದಿದ್ರು. ಇವಳಿಗಲ್ಲ, ಗೇಟಲ್ಲಿರೋ ಹುಡುಗಿಗೆ. ಆ ಪೋಸ್ಟರ್ ಹಿಡ್ಕೊಂಡು ಎರಡು ಸಲ ಬಂದು ಒಂದೊಂದು ಹಾಸಿಗೆನೂ ನೋಡಿದ್ರು." ಅಲ್ಲಿಗೆ ನಿಲ್ಲಿಸಿದಳು. ಹೇಳು ಎಂದೆ. ಬೇಡಮ್ಮಾ ಎಂದಳು. ಹೇಳು ಎಂದೆ.

"ಇವಳ ಹತ್ರ ನಿಂತಾಗ ಇವಳು ಎಡಗೈ ಎತ್ತಿ ಪೋಸ್ಟರ್ ಮುಟ್ಟಿದ್ಲು. ಆಮೇಲೆ ತನ್ನ ಎದೆ ಮುಟ್ಕೊಂಡ್ಲು. ಮತ್ತೆ ಪೋಸ್ಟರು, ಮತ್ತೆ ಎದೆ. ಪೇದೆ, 'ಆಸೆ ನೋಡ್ರೀ ಇದಕ್ಕೆ' ಅಂತ ನಕ್ಕ. ನಾವೂ..." ಎಂದು ತಲೆ ತಗ್ಗಿಸಿದಳು. "ನಾವೂ ನಕ್ವಿ ಅಮ್ಮಾ. ಕೈಗನ್ನಡಿ ತಂದು ಅವಳ ಮುಖದ ಮುಂದೆ ಹಿಡಿದ್ರು ಒಬ್ರು."

ಆಮೇಲೆ ದಿನವೂ ಕಿಟಕಿಯ ಕಡೆ ಕೈ ಮಾಡುತ್ತಿದ್ದಳಂತೆ. ಕಿಟಕಿಯಿಂದ ಗೇಟು ಕಾಣುತ್ತದೆ. ಬೆಳಕು ಕಣ್ಣಿಗೆ ಹೊಡೆಯುತ್ತಿದೆ ಎಂದುಕೊಂಡು ಪರದೆ ಎಳೆದರಂತೆ. ಹೋಗುವವರೆಗೂ ಪರದೆ ಎಳೆದೇ ಇತ್ತಂತೆ.

ಆ ವಾರ್ಡಿನ ಹಾಸಿಗೆ ಬಟ್ಟೆಯೆಲ್ಲ ನನ್ನ ತೊಟ್ಟಿಗೇ ಬರುವುದು. ಅವಳ ಕೊಳೆಯನ್ನು ನಾನೇ ಒಗೆದೆ. "ಈ ವಾರ್ಡಿನ ಚಾದರ ಯಾಕೆ ಹೀಗೆ ಹೊಲಸು ಮಾಡ್ತಾರೋ, ಕೈಕಾಲು ಬಿದ್ದೋಗಿದೆಯಾ ಇವರಿಗೆ" ಎಂದು ಉದ್ದಕ್ಕನ ಹತ್ತಿರ ಬೈದೂ ಇದ್ದೆ.

ಊರಾಚೆ ಯಾರೂ ಇಲ್ಲದವರನ್ನು ಹೂಳುವ ಜಾಗದಲ್ಲಿ ಇಟ್ಟಿದ್ದಾರೆ. ಒಂದು ಕೋಲು, ಕೋಲಿನ ಮೇಲೊಂದು ನಂಬರು. ತೆಗೆದು ಅವರಪ್ಪನ ಪಕ್ಕ ಇಡಬೇಕು, ಹೆಸರು ಬರೆಸಬೇಕು. ಅದಕ್ಕೆ ಪೊಲೀಸರ ಕಾಗದ ಬೇಕಂತೆ. ನಾಳೆ ಹೋಗುತ್ತೇನೆ.

ತಂಗಿ

*

ಮೇ 20

ಇವರಿಗೆ,
ಬಟ್ಟೆ ಒಗೆಯುವ ವಿಭಾಗದ ಕೆಲಸದಾಕೆ

ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದೆ. ಕಾಣೆಯಾದ ಯುವತಿಯ ಚಹರೆ: ಬಿಳುಪು ಮೈಬಣ್ಣ, ನೀಳ ಕೂದಲು, ಸಣ್ಣ ಮೂಗು. ಮೃತಳ ಚಹರೆ: ಕಡುಗಪ್ಪು ಮೈಬಣ್ಣ, ಗುಂಗುರು ಕೂದಲು, ದಪ್ಪ ಮೂಗು. ಎರಡೂ ತಾಳೆಯಾಗುವುದಿಲ್ಲ. ಆದಕಾರಣ ಮೃತಳು ಸದರಿ ಯುವತಿಯೆಂದು ಪ್ರಮಾಣಪತ್ರ ಕೊಡಲು ಬರುವುದಿಲ್ಲ.

ಫೋಟೋ ತಿದ್ದಿದ್ದೆಂದು ತಾವು ಹೇಳಿದ್ದೀರಿ. ಸ್ಟುಡಿಯೋದವರನ್ನು ವಿಚಾರಿಸಲಾಗಿ, ತೆಗೆಸಿದವರು ಸ್ಟುಡಿಯೋ ಇರುವ ಊರಿನ ಗೌರವಸ್ಥ ಮನೆತನದ ಮಹಿಳೆಯೆಂದೂ, ಅವರ ಒಪ್ಪಿಗೆಯಿಲ್ಲದೆ ಮೂಲ ಪ್ರತಿ ಕೊಡಲಾಗದೆಂದೂ ತಿಳಿಸಿದ್ದಾರೆ. ಆ ಮಹಿಳೆಯೇ ಖುದ್ದಾಗಿ ಬಂದು ಹೇಳಿಕೆ ಕೊಟ್ಟಲ್ಲಿ ಪರಿಶೀಲಿಸಬಹುದು.

ಯುವತಿಯ ಹುಡುಕಾಟ ಮುಂದುವರಿದಿದೆ. ಕುಟುಂಬದವರು ಧೈರ್ಯ ತಂದುಕೊಳ್ಳುವಂತೆ ತಮ್ಮ ಯಜಮಾನರಿಗೆ ತಿಳಿಸುವುದು.

ಠಾಣಾಧಿಕಾರಿ

*

ಮೇ 24

ಅಕ್ಕ,

ಠಾಣೆಯ ಕಾಗದ ಇದರ ಜೊತೆ ಇಟ್ಟಿದ್ದೇನೆ. ಓದಿಕೋ.

ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಎನ್ನುತ್ತಾರೆ. ನನ್ನ ಮಗಳಿಗೆ ಬೇಕಾಗಿದೆ. ನನ್ನ ಮಾತು ಅಲ್ಲಿ ನಡೆಯುವುದಿಲ್ಲ. ಗುರುತಿನ ಚೀಟಿ ಕೊಟ್ಟು ಎರಡೂ ಫೋಟೋಗಳ ಹಣೆಯ ಗಾಯ ತೋರಿಸಿದರೆ, "ಇದು ಬೇರೆ ಹುಡುಗಿ, ಅದು ಬೇರೆ ಹುಡುಗಿ. ಯಜಮಾನರ ಮಗಳ ಹೆಸರನ್ನೇ ನಿನ್ನ ಮಗಳಿಗೂ ಇಟ್ಟಿದ್ಯಾ?" ಎನ್ನುತ್ತಾರೆ. ತೇಪೆ ತೋರಿಸಿದರೆ, "ತೇಪೆ ಯಾರು ಬೇಕಾದ್ರೂ ಹಾಕ್ತಾರೆ" ಎನ್ನುತ್ತಾರೆ. ನನ್ನ ಸುಳ್ಳನ್ನು ಎಷ್ಟು ಬೇಗ ನಂಬಿದರೋ ಅಷ್ಟೇ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ.

ನೀನು ಬೆಳ್ಳಗಿದ್ದೀಯ. ನಿನ್ನ ಮಾತು ನಂಬುತ್ತಾರೆ. ಒಂದು ದಿನ ಬಾ. "ಈ ಫೋಟೋ ನಾನು ತೆಗೆಸಿದ್ದು, ತಿದ್ದಿಸಿದ್ದು, ಇವಳು ನನ್ನ ತಂಗಿಯ ಮಗಳು" ಎಂದು ಹೇಳಿ ಹೊರಟುಹೋಗು. ಮನೆಗೆ ಬರಬೇಡ, ನೀರು ಕುಡಿಯಬೇಡ, ನನ್ನ ಮುಖ ನೋಡಬೇಡ. ಫೋಟೋ ಕೊಡು ಎಂದು ನೀನು ಬರೆದಾಗ ನಾನು ಎರಡನೆಯ ಮಾತು ಆಡದೆ ಕೊಟ್ಟೆ. ಈಗ ನೀನು ಒಂದು ಮಾತು ಕೊಡು.

ತಂಗಿ

*

ಜೂನ್ 9

ತಂಗೀ,

ಹೋದವಳು ಬರುವುದಿಲ್ಲ. ಮಣ್ಣು ಎಲ್ಲಿಯದಾದರೂ ಮಣ್ಣೇ. ದೇವರಿಗೆ ನಂಬರು ಬೇಡ, ಹೆಸರೂ ಬೇಡ, ಅವನಿಗೆ ಎಲ್ಲರೂ ಗೊತ್ತು. ನನ್ನ ಮಗಳ ಮದುವೆ ಮುಂದಿನ ತಿಂಗಳು. ಅತ್ತೆ ಇನ್ನೂ ಬೆಳಿಗ್ಗೆ ಎದ್ದು ಆ ಚಿತ್ರದ ಮುಂದೆ ಕೂರುತ್ತಾರೆ, ನಾನೂ ಕೂರುತ್ತೇನೆ. ನನಗಾಗುವುದು ಅಷ್ಟೇ.

ಗುಂಡಿ-ದಾರದ ಅಂಗಡಿಯಾಕೆಗೆ ಇನ್ನು ಮುಂದೆ ಕಾಗದ ತೆಗೆದುಕೊಳ್ಳಬೇಡವೆಂದು ಹೇಳಿದ್ದೇನೆ.

(ಸಹಿ ಇಲ್ಲ)

*

ಜೂನ್ 16

ಹಿರಿಯರಾದ ಅಮ್ಮನವರಿಗೆ ನಮಸ್ಕಾರ.

ನೀವು ನನ್ನನ್ನು ನೋಡಿಲ್ಲ. ನಾನು ಒಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು. ನೀವು ದೈವಭಕ್ತರೆಂದು ಕೇಳಿದ್ದೇನೆ. ನನಗೂ ದೇವರ ಭಯವಿದೆ. ಒಮ್ಮೆ ಸುಳ್ಳು ಹೇಳಿ ಅದರ ಫಲ ಉಂಡಿದ್ದೇನೆ, ಆದ್ದರಿಂದ ಇದನ್ನು ನಿಜವಾಗಿಯೇ ಬರೆಯುತ್ತಿದ್ದೇನೆ.

ನೀವು ಬೆಳಿಗ್ಗೆ ಎದ್ದು ಬೇಡಿಕೊಳ್ಳುವ ಆ ಬೆಳ್ಳನೆಯ ಹುಡುಗಿಗಾಗಿ ಇನ್ನು ಬೇಡಬೇಡಿ. ಅವಳು ಸಿಗುವುದಿಲ್ಲ. ಅವಳು ಸ್ಟುಡಿಯೋದವನ ಕುಂಚದಲ್ಲಿ ಹುಟ್ಟಿದವಳು. ಅವಳ ಅಡಿಯಲ್ಲಿದ್ದ ಹುಡುಗಿ ನನ್ನ ಮಗಳು, ಅವಳು ಸತ್ತುಹೋದಳು. ಅವಳಿಗಾಗಿ ಬೇಡಲು ನಿಮಗೆ ಮನಸ್ಸು ಬಂದರೆ ಬೇಡಿ, ಬಾರದಿದ್ದರೆ ಬಿಡಿ. ನಿಮ್ಮ ಕಣ್ಣೀರು ನಿಜವೆಂದು ನನಗೆ ಗೊತ್ತು. ಅದು ಯಾರಿಗೆ ಸೇರಬೇಕೋ ಅವಳಿಗೆ ಸೇರಲಿಲ್ಲ, ಅಷ್ಟೇ.

ಇದರ ಜೊತೆ ಎರಡು ಫೋಟೋ ಇಟ್ಟಿದ್ದೇನೆ. ಒಂದು ನನ್ನ ಮಗಳದು. ಗೋಡೆಯ ಮೇಲಿನದರ ಪಕ್ಕ ಹಿಡಿದು ನೋಡಿ. ಬಣ್ಣ ಬಿಡಿ, ಕಿವಿ ನೋಡಿ, ಹಣೆಯ ಮೇಲಿನ ಗಾಯದ ಗುರುತು ನೋಡಿ. ಕುಂಚದವನು ಅದನ್ನು ಅಳಿಸಲು ಮರೆತಿದ್ದ. ಇನ್ನೊಂದರಲ್ಲಿ ಇಬ್ಬರು ಹುಡುಗಿಯರು ತಮ್ಮ ಅಪ್ಪನ ತೊಡೆಯ ಮೇಲೆ ಕೂತಿದ್ದಾರೆ. ಅಪ್ಪನ ಬಣ್ಣ ನೋಡಿ. ಕರಿಯವಳು ನಾನು. ಬೆಳ್ಳಗಿರುವವಳ ಹೆಸರನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಅವಳು ಈಗ ನಿಮ್ಮ ಪಕ್ಕದಲ್ಲೇ ಇರಬಹುದು. ಈ ಕಾಗದ ಓದಿ ಹೇಳಲು ನೀವು ಅವಳ ಕೈಗೇ ಕೊಟ್ಟಿದ್ದರೆ, ಅವಳು ಇಷ್ಟು ಹೊತ್ತಿಗೆ ಓದುವುದನ್ನು ನಿಲ್ಲಿಸಿರುತ್ತಾಳೆ. ಬೇರೆ ಯಾರಿಂದಾದರೂ ಓದಿಸಿ.

ನನಗೆ ಬೇಕಾದ್ದು ಒಂದೇ. ಅವಳನ್ನು ಒಂದು ದಿನದ ಮಟ್ಟಿಗೆ ಇಲ್ಲಿಯ ಠಾಣೆಗೆ ಕಳಿಸಿಕೊಡಿ. ಒಂದು ಮಾತು ಹೇಳಿ ವಾಪಸು ಬರಲಿ. ನೀವು ಅವಳನ್ನು ಬಾಗಿಲೊಳಗೆ ಬಿಟ್ಟುಕೊಳ್ಳುತ್ತೀರೋ ಇಲ್ಲವೋ, ಅದು ನಿಮಗೆ ಬಿಟ್ಟದ್ದು. ಬಿಟ್ಟುಕೊಳ್ಳದಿದ್ದರೆ ನಮ್ಮ ಕೇರಿಯ ದಾರಿ ಅವಳಿಗೆ ಗೊತ್ತಿದೆ. ನನ್ನ ಮನೆಯಲ್ಲಿ ಒಂದು ಹಾಸಿಗೆ ಖಾಲಿಯಿದೆ.

ನಿಮ್ಮ ಸೊಸೆಯ ತಂಗಿ